ಕಿವಿಯಜ್ಜನ ಎರಡು ಬಿಟ್ಟಿ ಗಡಿಯಾರ

ಬಸ್ಸುಗಳು ತಿರುಗುವ ಮೂಲೆಯಲ್ಲಿ, ಬ್ರೆಡ್ಡಿನಂಗಡಿಗೆ ಎದುರಾಗಿ, ಗಡಿಯಾರ ರಿಪೇರಿಯ ಅಂಗಡಿಯೊಂದಿತ್ತು. ಇಬ್ಬರು ಕೂತರೆ ಮೂರನೆಯವರು ನಿಂತೇ ಇರಬೇಕಾದಷ್ಟು ಸಣ್ಣದು. ಅದರ ಯಜಮಾನನನ್ನು ಬೀದಿಯವರೆಲ್ಲ ಕಿವಿಯಜ್ಜ ಎನ್ನುತ್ತಿದ್ದರು. ಯಾರು ಯಾವ ಕೈಗಡಿಯಾರ ತಂದುಕೊಟ್ಟರೂ ಅವನು ಅದರ ಮುಖ ನೋಡುತ್ತಿರಲಿಲ್ಲ. ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚುತ್ತಿದ್ದ. ಕಣ್ಣು ತೆರೆದಾಗ ಕಾಯಿಲೆ ಏನೆಂದು ಹೇಳಿಬಿಡುತ್ತಿದ್ದ. "ಮುಳ್ಳು ಎಲ್ಲಿದೆ ಅಂತ ನನಗೆ ಯಾಕೆ ತೋರಿಸ್ತೀಯ? ಅದರ ಮುಖದ ಮಾತು ನಂಬೋನಲ್ಲ ನಾನು" ಎಂದು ಗದರುತ್ತಿದ್ದ. ಜನ ಬೈಸಿಕೊಂಡೂ ಖುಷಿಯಿಂದ ಹೋಗುತ್ತಿದ್ದರು.

ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಕಥೆಗಳಲ್ಲಾದರೆ ಇಬ್ಬರಲ್ಲಿ ಒಬ್ಬಳು ಒಳ್ಳೆಯವಳು, ಇನ್ನೊಬ್ಬಳು ಕೆಟ್ಟವಳು ಎಂದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡು ಬೆಳೆದವರು. ತಾಯಿ ತೀರಿಕೊಂಡ ಮಾರನೆಯ ದಿನ ಅಂಗಡಿಯ ಮೇಲಿನ ಕೋಣೆ ಯಾರಿಗೆ ಎಂಬ ಮಾತಿಗೆ ಮೊದಲ ಸಲ ಜಗಳವಾಡಿದರು. ಅಪ್ಪ ಇಬ್ಬರನ್ನೂ ಕೆಳಗೆ ಕರೆದ. ಗಡಿಯಾರದ ಪಟ್ಟಿಗಳ ಒಂದು ದೊಡ್ಡ ಪೆಟ್ಟಿಗೆ ಕೊಂಡಾಗ ಅದರ ಜೊತೆ ಬಿಟ್ಟಿಯಾಗಿ ಬಂದಿದ್ದ ಎರಡು ಕೀಲಿ ಗಡಿಯಾರಗಳು ಮೂಲೆಯಲ್ಲಿ ಬಿದ್ದಿದ್ದವು. ತಗಡಿನ ಮೈ, ಮಬ್ಬು ಗಾಜು. ಅವುಗಳ ಬೆನ್ನಿಗೆ ಒಂದೊಂದು ತೊಟ್ಟು ಕೆಂಪು ಅರಗು ಬಿಟ್ಟು ಮುದ್ರೆ ಒತ್ತಿ ಇಬ್ಬರ ಕೈಗೂ ಕಟ್ಟಿದ.

"ದಿನಾ ಕೀಲಿ ಕೊಡಿ. ಬೆನ್ನು ಬಿಚ್ಚೋ ಹಾಗಿಲ್ಲ. ನಾನೂ ಮುಟ್ಟಲ್ಲ. ಯಾರದ್ದು ಮೊದಲು ನಿಲ್ಲುತ್ತೋ ಅವಳು ಹೊರಗೆ. ಇನ್ನೊಬ್ಬಳಿಗೆ ಅಂಗಡಿ, ಮೇಲಿನ ಕೋಣೆ, ಎಲ್ಲ."

"ಇದೇನಪ್ಪ ಆಟ?" ಎಂದಳು ಚಿಕ್ಕವಳು.

"ಆಟಾನೇ. ಬಿಟ್ಟಿ ಮಾಲು, ಚಳಿಗಾಲ ದಾಟಲ್ಲ. ಅಷ್ಟರೊಳಗೆ ಒಂದು ಇತ್ಯರ್ಥ ಆಗುತ್ತೆ, ನನ್ನ ತಲೆನೋವೂ ಹೋಗುತ್ತೆ" ಎಂದು ನಕ್ಕ.

ಚಳಿಗಾಲ ದಾಟಿತು. ಅದರ ಮುಂದಿನದೂ ದಾಟಿತು. ರೇಷ್ಮೆಬಟ್ಟೆಯಲ್ಲಿ ಸುತ್ತಿಕೊಂಡು ತಂದ ಬೆಲೆಬಾಳುವ ಗಡಿಯಾರಗಳು ಅಂಗಡಿಗೆ ಬಂದು ಅಪ್ಪನ ಮೇಜಿನ ಮೇಲೆ ಪ್ರಾಣ ಬಿಟ್ಟವು. ಈ ಎರಡು ತಗಡಿನ ತುಂಡುಗಳು ಮಾತ್ರ ಓಡುತ್ತಲೇ ಇದ್ದವು. ದೊಡ್ಡವಳದ್ದು ಪಾತ್ರೆ ತೊಳೆಯುವ ನೀರಿನಲ್ಲಿ ಮುಳುಗಿ ಎದ್ದಿತು. ಚಿಕ್ಕವಳದ್ದು ಮಹಡಿ ಮೆಟ್ಟಿಲಿನಿಂದ ಉರುಳಿ ಬೀದಿಗೆ ಬಿದ್ದು, ಅಲ್ಲೇ ಟಿಕ್ ಟಿಕ್ ಎನ್ನುತ್ತಿತ್ತು. ಎದುರಂಗಡಿಯ ಬ್ರೆಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅಜ್ಜ, ನನಗೂ ಹೀಗೆ ಒಂದು ಗಂಡನ್ನ ಬಿಟ್ಟಿ ಕೊಡಿಸೋ. ಬೆಳಿಗ್ಗೆ ಕೀಲಿ ಕೊಟ್ಟರೆ ಸಂಜೆ ತನಕ ದುಡೀಲಿ."

ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತದಂತೆ. ಅದಕ್ಕೇ ಅವನು ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಾನೆ. ಈ ಅಕ್ಕತಂಗಿಯರ ಪ್ರಾಣ ಅವರವರ ಮಣಿಕಟ್ಟಿನಲ್ಲೇ ಇತ್ತು. ಎಡಗೈಯನ್ನು ಹಸುಗೂಸಿನಂತೆ ಎದೆಗೆ ಒತ್ತಿಕೊಂಡು ನಡೆಯುವುದು ಇಬ್ಬರಿಗೂ ಅಭ್ಯಾಸವಾಯಿತು. ಚಿಕ್ಕವಳು ಮದುವೆಯಾಗಿ ಬಸ್ಸಿನ ಆಚೆ ತುದಿಯ ಬಡಾವಣೆಗೆ ಹೋದಳು, ಗಡಿಯಾರದ ಜೊತೆಗೇ. ತನ್ನ ಮಗುವನ್ನು ಅವಳು ಎಂದೂ ಎಡಗೈಯಲ್ಲಿ ಎತ್ತಿಕೊಳ್ಳಲಿಲ್ಲ. ದೊಡ್ಡವಳನ್ನು ರೇಡಿಯೋ ರಿಪೇರಿಯವನೊಬ್ಬ ಕೇಳಿದ್ದ. ಮೆತ್ತಗೆ ಮಾತಾಡುವ, ಉದ್ದ ಬೆರಳಿನ ಮನುಷ್ಯ. ಒಂದು ದಿನ ಅವನ ಮನೆ ನೋಡಲು ಹೋದಳು. ಕಿಟಕಿಯ ಮೇಲೆ, ಮಂಚದ ಕೆಳಗೆ, ಒಲೆಯ ಪಕ್ಕ, ಎಲ್ಲೆಲ್ಲೂ ಬಿಚ್ಚಿಟ್ಟ ಸ್ಪೀಕರುಗಳು. ಪ್ರತಿಯೊಂದರ ಹಿಂದೆ ಕಪ್ಪು ಅಯಸ್ಕಾಂತ. ಅಯಸ್ಕಾಂತದ ಹತ್ತಿರ ಗಡಿಯಾರ ಬದುಕುವುದಿಲ್ಲ ಎಂದು ಅವಳು ಹಾಲುಹಲ್ಲಿನ ಕಾಲದಿಂದ ಕೇಳಿದ್ದಳು. ಹೊಸಿಲಲ್ಲೇ ನಿಂತು ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಒಳಗೆ ಬನ್ನಿ" ಎಂದನಂತೆ ಅವನು.

"ಇನ್ನೊಂದು ಸಲ ಬರ್ತೀನಿ" ಎಂದಳಂತೆ ಇವಳು.

ಆ ಇನ್ನೊಂದು ಸಲ ಬರಲೇ ಇಲ್ಲ. ಅವನು ಬೇರೆ ಮದುವೆಯಾದ. ದೊಡ್ಡವಳು ಅಪ್ಪನ ಪಕ್ಕದಲ್ಲಿ ಕೂತು ಪಟ್ಟಿ ಬದಲಿಸುತ್ತ, ಗಾಜು ಒರೆಸುತ್ತ ತಲೆಗೂದಲು ಬೆಳ್ಳಗಾಗಿಸಿಕೊಂಡಳು. ಈಗ ಅವಳಿಗೆ ಅಂಗಡಿಯೂ ಮೇಲಿನ ಕೋಣೆಯೂ ಬಿಟ್ಟರೆ ಭೂಮಿಯ ಮೇಲೆ ತಲೆಯಿಡಲು ಬೇರೆ ಜಾಗವಿರಲಿಲ್ಲ.

ಭಾನುವಾರ ಬೆಳಿಗ್ಗೆ ಚಿಕ್ಕವಳು ಗಂಡನ ಜೊತೆ ಬರುವಳು. ದೊಡ್ಡವಳು ಇಬ್ಬರ ಗಡಿಯಾರಗಳನ್ನೂ ಬಿಚ್ಚಿಸಿಕೊಂಡು ಹಿತ್ತಾಳೆಯ ತಟ್ಟೆಯಲ್ಲಿ ಅಪ್ಪನ ಮುಂದಿಡುವಳು. ಕಿವಿಯಜ್ಜ ಒಂದೊಂದಾಗಿ ಕಿವಿಗೆ ಹಿಡಿದು, "ಇದು ಓಡ್ತಿದೆ. ಇದೂ ಓಡ್ತಿದೆ. ಥತ್, ಇಬ್ಬರೂ ಇನ್ನೊಂದು ವಾರ ಸಾಯಿರಿ" ಎನ್ನುವನು. ಸಾಕ್ಷಿಗೆಂದು ಬ್ರೆಡ್ಡಮ್ಮ ತನ್ನ ಅಂಗಡಿಯ ಸ್ಟೂಲನ್ನೇ ತಂದುಕೊಂಡು ಬಾಗಿಲಲ್ಲಿ ಕೂರುವಳು.

ಗಡಿಯಾರಗಳು ನಿಲ್ಲಲಿಲ್ಲ, ಅಪ್ಪನ ಕಿವಿ ನಿಂತಿತು.

ಒಮ್ಮೆಲೇ ಅಲ್ಲ. ಮೊದಲು ರೇಡಿಯೋದ ದನಿ ಜೋರಾಯಿತು. ಆಮೇಲೆ ಅವನು ಮಾತಾಡುವವರ ತುಟಿಯನ್ನೇ ನೋಡತೊಡಗಿದ. ಒಂದು ದಿನ ಗಿರಾಕಿಯೊಬ್ಬ ಕೊಟ್ಟ ಗಡಿಯಾರವನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದವನು ಬಹಳ ಹೊತ್ತು ತೆರೆಯಲೇ ಇಲ್ಲ. ರೆಪ್ಪೆಯ ಕೆಳಗೆ ಗುಡ್ಡೆಗಳು ಬಲೆಗೆ ಬಿದ್ದ ಹಕ್ಕಿಯ ಹಾಗೆ ಹೊಡೆದುಕೊಳ್ಳುತ್ತಿದ್ದವು. ದೊಡ್ಡವಳು ಅದನ್ನು ಕಂಡಳು. ಕಂಡೆ ಎಂದು ಹೇಳಲಿಲ್ಲ. ಮಾರನೆಯ ದಿನದಿಂದ ಗಿರಾಕಿಗಳ ಗಡಿಯಾರವನ್ನು ತಾನೇ ಮೊದಲು ತೆಗೆದುಕೊಂಡು, ಒರೆಸುವ ನೆಪದಲ್ಲಿ ಕಿವಿಯ ಹತ್ತಿರ ಒಯ್ದು, ತಟ್ಟೆಯಲ್ಲಿಟ್ಟು ಅಪ್ಪನತ್ತ ಸರಿಸತೊಡಗಿದಳು. ಓಡುತ್ತಿದ್ದರೆ ಅಂಗಾತ. ನಿಂತಿದ್ದರೆ ಬೋರಲು. ಕಿವಿಯಜ್ಜ ಮೊದಲ ದಿನವೇ ಅರ್ಥಮಾಡಿಕೊಂಡ. ತಟ್ಟೆಯ ಮೇಲೊಮ್ಮೆ ಕಣ್ಣಾಡಿಸಿ, ಗಡಿಯಾರವನ್ನು ಕಿವಿಗೆ ಹಿಡಿದು, ಮುಂಚಿಗಿಂತ ಹೆಚ್ಚು ಗತ್ತಿನಿಂದ ಕಣ್ಣು ಮುಚ್ಚಿ ಸತ್ಯ ನುಡಿಯುತ್ತಿದ್ದ. ಈ ಬಗ್ಗೆ ಇಬ್ಬರ ನಡುವೆ ಒಂದು ಮಾತೂ ಆಗಲಿಲ್ಲ.

ಭಾನುವಾರಗಳಲ್ಲೂ ತಟ್ಟೆಯದ್ದೇ ತೀರ್ಪು. ತಂಗಿಯ ಗಡಿಯಾರವನ್ನು ಒಂದು ಸಲ ಬೋರಲು ಹಾಕಿದರೆ ಸಾಕು, ಎಲ್ಲ ಮುಗಿಯುತ್ತದೆ ಎಂಬ ಯೋಚನೆ ದೊಡ್ಡವಳಿಗೆ ಬರುತ್ತಿತ್ತು. ಕಳ್ಳಬೆಲ್ಲದ ಹಾಗೆ ಸಿಹಿಯಾದ ಯೋಚನೆ. ಬಂದಾಗಲೆಲ್ಲ ಅವಳು ತನ್ನ ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತುಬಿಡುತ್ತಿದ್ದಳು.

ಹೀಗಿರಲಾಗಿ ಆ ಭಾನುವಾರ ಬಂತು.

ಚಿಕ್ಕವಳ ಮುಖ ಬಿಳಿಚಿಕೊಂಡಿತ್ತು. ಅಳಿಯ ಬಂದವನೇ ಗೋಡೆಗಳನ್ನು ಕಣ್ಣಲ್ಲೇ ಅಳೆಯುತ್ತ ನಿಂತ. ಅವನು ಬಸ್‌ಸ್ಟ್ಯಾಂಡಿನಲ್ಲಿ ತಳ್ಳುಗಾಡಿಯ ಮೇಲೆ ಮೊಬೈಲಿನ ಕವರು ಮಾರುವವನು. ಇಂಥ ಮೂಲೆಯಂಗಡಿಗೆ ಬಾಯಿ ಬಾಯಿ ಬಿಡುತ್ತಿದ್ದವನು.

"ಬನ್ನಿ ಕವರ್ ಸಾಹುಕಾರ್ರೇ" ಎಂದಳು ಬ್ರೆಡ್ಡಮ್ಮ. "ನಿಮ್ಮ ಮುಖಕ್ಕೂ ಒಂದು ಕವರು ಹಾಕ್ಕೊಂಡು ಬರಬಾರದಿತ್ತಾ? ಬೆಳಿಗ್ಗೆ ಬೆಳಿಗ್ಗೆ ನೋಡೋರಿಗೆ ಕಷ್ಟ."

"ನಿಮ್ಮ ಬಾಯಿಗಾಗೋ ಸೈಜು ನನ್ನ ಹತ್ರ ಇಲ್ಲ, ಬ್ರೆಡ್ಡಮ್ಮ. ಇದ್ದಿದ್ರೆ ಬಿಟ್ಟಿ ಕೊಡ್ತಿದ್ದೆ."

ಕಿವಿಯಜ್ಜ ಇಬ್ಬರ ತುಟಿಗಳನ್ನೂ ನೋಡಿ, ನಗಬೇಕಾದ ಜಾಗ ಇದೇ ಇರಬೇಕೆಂದು ನಕ್ಕ.

ದೊಡ್ಡವಳು ತನ್ನ ಗಡಿಯಾರ ಬಿಚ್ಚಿ ತಟ್ಟೆಯಲ್ಲಿಟ್ಟಳು. ತಂಗಿಯತ್ತ ಕೈ ಚಾಚಿದಳು. ಚಿಕ್ಕವಳು ಪಟ್ಟಿ ಬಿಚ್ಚಿ ಕೊಟ್ಟಳು. ಗಡಿಯಾರ ಅಂಗೈಗೆ ಬಂದೊಡನೆ ದೊಡ್ಡವಳಿಗೆ ಗೊತ್ತಾಯಿತು. ಸೆಕೆಂಡಿನ ಮುಳ್ಳು ಸತ್ತ ಸೊಳ್ಳೆಯ ಕಾಲಿನಂತೆ ಒಂದೇ ಕಡೆ ಅಂಟಿಕೊಂಡಿತ್ತು. ತಲೆಯೆತ್ತಿದಳು. ತಂಗಿ ಅವಳನ್ನೇ ನೋಡುತ್ತಿದ್ದಳು.

"ಅಕ್ಕ..." ಎಂದಳು, ಉಸಿರಿನಲ್ಲಿ.

ಗೆದ್ದಾಗಿತ್ತು. ಕಳ್ಳತನವಿಲ್ಲ, ಮೋಸವಿಲ್ಲ. ಮಣಿಕಟ್ಟನ್ನು ಒಂದಿಷ್ಟು ತಿರುಗಿಸಿ ಅದನ್ನು ಬೋರಲು ಇಡುವುದಷ್ಟೇ ಬಾಕಿ. ಆದರೆ ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡಿದ್ದ ಆ ಹುಡುಗಿ ಅಕ್ಕ ಎಂದುಬಿಟ್ಟಿದ್ದಳು. ದೊಡ್ಡವಳ ಕೈ ಒಂದು ಉಸಿರಿನಷ್ಟು ಹೊತ್ತು ತಡೆಯಿತು.

ಅಳಿಯನಿಗೆ ಅಷ್ಟು ಸಾಕಾಯಿತು.

"ಮಾವ, ಒಂದು ನಿಮಿಷ!" ಎಂದು ಕೂಗಿ ಮುದುಕನ ಕಣ್ಣೆದುರು ಬಂದು ನಿಂತ. "ಅಕ್ಕನ ವಾಚಿನ ಅರಗು ನೋಡ್ಬೇಕು. ಇಷ್ಟು ಕಾಲ ಬಿಟ್ಟಿ ಮಾಲು ತಾನಾಗಿ ಓಡುತ್ತಾ? ದಿನಾ ರಿಪೇರಿ ಸಾಮಾನಿನ ಪಕ್ಕದಲ್ಲೇ ಕೂತಿರ್ತಾರೆ. ಬೆನ್ನು ಬಿಚ್ಚಿ ಎಣ್ಣೆ ಬಿಟ್ಟಿರ್ತಾರೆ. ಅರಗು ಸೀಳಿರೋದನ್ನ ಕಣ್ಣಾರೆ ಕಂಡಿದೀನಿ ನಾನು."

"ಏನಂದೆ?" ದೊಡ್ಡವಳ ಕಿವಿಯವರೆಗೂ ರಕ್ತ ಏರಿತು. ಯಾವ ಗಡಿಯಾರಕ್ಕಾಗಿ ಅವಳು ಒಂದು ಮನೆಯ ಹೊಸಿಲನ್ನೇ ದಾಟಿರಲಿಲ್ಲವೋ ಅದಕ್ಕೆ ಕಳ್ಳತನದ ಮಾತು. ಕೈಯಲ್ಲಿದ್ದ ತಂಗಿಯ ಗಡಿಯಾರವನ್ನು ಹಾಗೇ ತಟ್ಟೆಯಲ್ಲಿ ಬಿಟ್ಟು, ತನ್ನದನ್ನು ಎತ್ತಿ ಬೆನ್ನು ಮೇಲೆ ಮಾಡಿ ಅವನ ಮೂಗಿಗೆ ಹಿಡಿದಳು. "ನೋಡು! ಕಣ್ಣು ಇದ್ರೆ ನೋಡು! ಎಲ್ಲಿ ಸೀಳಿದೆ? ತೋರಿಸು!" ಬ್ರೆಡ್ಡಮ್ಮನಿಗೆ ತೋರಿಸಿದಳು. ತಂಗಿಗೆ ತೋರಿಸಿದಳು. ಕೆಂಪು ಅರಗು ಒತ್ತಿದ ದಿನ ಇದ್ದಂತೆಯೇ ಇತ್ತು. ಅದನ್ನು ಎಲ್ಲರೂ ನೋಡಲೆಂದು ಬೆನ್ನು ಮೇಲೆ ಮಾಡಿಯೇ ತಟ್ಟೆಯಲ್ಲಿ ಕುಕ್ಕಿ, ತಟ್ಟೆಯನ್ನು ಅಪ್ಪನತ್ತ ತಳ್ಳಿದಳು.

ಅರಗು ಸರಿಯಿದೆಯೆಂದು ಕಿವಿಯಜ್ಜ ತಲೆಯಾಡಿಸಿದ. ಆಮೇಲೆ ತಟ್ಟೆಯನ್ನು ನೋಡಿದ. ಒಂದು ಅಂಗಾತ, ಒಂದು ಬೋರಲು. ಅವನ ಹುಬ್ಬು ಮೇಲೆ ಹೋಯಿತು. ಮಗಳ ಮುಖವನ್ನು ನೋಡಿದ. ಅವಳು ಇನ್ನೂ ಅಳಿಯನನ್ನು ದುರುಗುಟ್ಟುತ್ತಿದ್ದಳು. ಅಪ್ಪ ಅವಳ ಗಡಿಯಾರವನ್ನು ಎತ್ತಿ ಕಿವಿಗೆ ಹಿಡಿದು ಕಣ್ಣು ಮುಚ್ಚಿದ.

"ನಿಂತಿದೆ" ಎಂದ.

ತಂಗಿಯದನ್ನು ಹಿಡಿದ. "ಓಡ್ತಿದೆ. ಕುದುರೆ ಹಾಗೆ ಓಡ್ತಿದೆ."

ಎದುರಿನ ಅಂಗಡಿಯಿಂದ ಬಿಸಿ ಬ್ರೆಡ್ಡಿನ ವಾಸನೆ ಬಂತು. ದೊಡ್ಡವಳು ತಟ್ಟೆಯನ್ನು ನೋಡಿದಾಗ ಅಂಗಾಲಿನ ಕೆಳಗಿನ ನೆಲವನ್ನು ಯಾರೋ ಚಾಪೆಯಂತೆ ಎಳೆದುಕೊಂಡ ಹಾಗಾಯಿತು.

"ಅಪ್ಪ, ಇಲ್ಲ! ಮುಳ್ಳು ನೋಡು, ಓಡ್ತಾ ಇದೆ, ನೋಡು ಇಲ್ಲಿ!"

"ಮುಖ ನೋಡೋ ಪದ್ಧತಿ ಈ ಅಂಗಡೀಲಿ ಇಲ್ಲ."

"ಕೊಡೇ ಇಲ್ಲಿ" ಎಂದು ಬ್ರೆಡ್ಡಮ್ಮ ಗಡಿಯಾರವನ್ನು ಕಿತ್ತುಕೊಂಡು ಕಿವಿಗಿಟ್ಟಳು. "ಅಯ್ಯೋ ಅಜ್ಜ, ಬಡ್ಕೊಳ್ತಾ ಇದೆಯಲ್ಲೋ! ಟಿಕ್ ಟಿಕ್ ಅಂತ ಕಿವೀಲಿ ಕುಣೀತಾ ಇದೆ."

ಕಿವಿಯಜ್ಜ ಅವಳ ತುಟಿ ಓದಿದ. ಮುಖ ಕಪ್ಪಿಟ್ಟಿತು. "ದಿನವಿಡೀ ಹಿಟ್ಟು ನಾದೋ ಮೆಷಿನ್ನಿನ ಪಕ್ಕ ನಿಲ್ತೀಯ. ನಿನ್ನ ಕಿವೀಲಿ ಅದೇ ಕೂತಿದೆ. ನನಗೆ ಕಿವಿ ಕಲಿಸೋಕೆ ಬರ್ತೀಯ? ನನಗೆ?"

ದೊಡ್ಡವಳು ಗಡಿಯಾರವನ್ನು ತಂಗಿಯ ಕಿವಿಗೆ ಒತ್ತಿ ಹಿಡಿದಳು. "ನೀನು ಹೇಳು. ಒಂದೇ ಮಾತು. ಅಪ್ಪನ ಎದುರು ನಿಂತು ಹೇಳು."

ಚಿಕ್ಕವಳು ಕೇಳಿಸಿಕೊಂಡಳು. ಬಹಳ ಹೊತ್ತು ಕೇಳಿಸಿಕೊಂಡಳು. ಅವಳ ಕಣ್ಣು ಅಕ್ಕನ ಭುಜ ದಾಟಿ ಮೇಲಿನ ಕೋಣೆಗೆ ಹೋಗುವ ಏಣಿಮೆಟ್ಟಿಲಿನ ಮೇಲೆ ನಿಂತಿತು. ಆಮೇಲೆ ಅಪ್ಪನ ಮುಖಕ್ಕೆ ಮುಖ ಕೊಟ್ಟು, ತುಟಿಗಳನ್ನು ಬಿಡಿಸಿ ಬಿಡಿಸಿ ಹೇಳಿದಳು:

"ಏನೂ ಕೇಳಿಸ್ತಿಲ್ಲಪ್ಪ."

ಬ್ರೆಡ್ಡಮ್ಮ ಎದ್ದು ನಿಂತಳು. "ಥೂ" ಎಂದಳು. ಸ್ಟೂಲು ಎತ್ತಿಕೊಂಡು ಬೀದಿ ದಾಟಿದಳು.

ಅಂಗಡಿಯ ಹಿಂದೆ ಒಲೆ ಮತ್ತು ನೀರಿನ ನಲ್ಲಿ ಇದ್ದ ಗೂಡಿನಂಥ ಜಾಗಕ್ಕೆ ಅಪ್ಪ ಬಂದ. ದೊಡ್ಡವಳು ನಲ್ಲಿಯ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು. ಅವನು ಬಾಗಿಲು ಮುಂದೆ ಮಾಡಿ, ಅವಳ ತುಟಿ ಕಾಣುವ ಹಾಗೆ ನಿಂತ.

"ತಪ್ಪಾಗಿ ಬೋರಲು ಬಿತ್ತಪ್ಪ. ಅರಗು ತೋರಿಸೋಕೆ ಹಾಗಿಟ್ಟೆ. ನಿನಗೆ ಗೊತ್ತು."

"ಗೊತ್ತು" ಎಂದ. "ಕೈಗೆ ಎತ್ತಿಕೊಂಡಾಗಲೇ ಮುಳ್ಳು ಕಾಣಿಸ್ತು."

"ಕಂಡೂ ಹೇಳಿದೆಯಾ?"

"ಮುಖಕ್ಕಿಂತ ತಟ್ಟೆ ಹೇಳಿದ್ದೇ ಸರಿ ಅಂದ್ಕೊಂಡೆ. ಬಾಯಿಂದ ಬಂದುಬಿಡ್ತು. ಬ್ರೆಡ್ಡಮ್ಮನ ಎದುರಿಗೆ ಬಂದುಬಿಡ್ತು. ಈಗ ಅಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಸಂಜೆಯೊಳಗೆ ಬಸ್ಸಿನ ಕಂಡಕ್ಟರಿಗೂ ಗೊತ್ತಾಗಿರುತ್ತೆ, ಕಿವಿಯಜ್ಜ ಕಿವುಡ ಅಂತ." ಗಂಟಲು ಸರಿಮಾಡಿಕೊಂಡ. "ನೀನು ಗಟ್ಟಿಗಿತ್ತಿ. ಅವಳು ಗಂಡನ ಕೈಯಲ್ಲಿ ಸಿಕ್ಕಿದಾಳೆ. ನೀನು ಎಲ್ಲಾದ್ರೂ ಬದುಕ್ತೀಯ."

"ಎಲ್ಲಿ?"

ಅದನ್ನು ಅವನು ಓದಲಿಲ್ಲ, ಅಥವಾ ಓದದವನಂತೆ ನಲ್ಲಿಯತ್ತ ತಿರುಗಿ ತೊಟ್ಟಿಕ್ಕುತ್ತಿದ್ದ ನೀರನ್ನು ಬಿಗಿಮಾಡಿದ. ಮತ್ತೆ ಇತ್ತ ತಿರುಗಿ, ಬೇಡುವ ದನಿಯಲ್ಲಿ, ಮೊದಲ ಸಲ ಬೇಡುವ ದನಿಯಲ್ಲಿ ಹೇಳಿದ:

"ಹತ್ತಿರದಲ್ಲೇ ಎಲ್ಲಾದ್ರೂ ರೂಮು ನೋಡ್ಕೋ. ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಬಂದು ತಟ್ಟೆ ಇಟ್ಟುಕೊಂಡು ಕೂತಿರು, ಮಗಳೇ. ಸಂಜೆ ಹೋಗು. ಚಿಕ್ಕವಳಿಗೆ ಇದನ್ನೆಲ್ಲ ಹೇಳಿಕೊಡೋಕೆ ನಾಚಿಕೆ ನನಗೆ."

ದೊಡ್ಡವಳು ಅಪ್ಪನ ಮುಖವನ್ನು ಗಿರಾಕಿ ತಂದ ಗಡಿಯಾರವನ್ನು ನೋಡುವ ಹಾಗೆ ನೋಡಿದಳು. ಮೇಲೆ ಹತ್ತಿದಳು.

ಒಂದು ಚೀಲಕ್ಕೆ ಆಗುವಷ್ಟೇ ಇತ್ತು ಅವಳ ಬದುಕು. ಬಟ್ಟೆ, ತಾಯಿಯ ಕನ್ನಡಿ, ಒಂದು ಹೊದಿಕೆ. ಕೆಳಗೆ ಇಳಿದಾಗ ಚಿಕ್ಕವಳು ಮೆಟ್ಟಿಲ ಬುಡದಲ್ಲಿ ಕೈ ಚಾಚಿ ನಿಂತಿದ್ದಳು.

"ಕೋಣೆಯ ಬೀಗದ ಕೈ, ಅಕ್ಕ."

ಕೊಟ್ಟಳು.

"ಕೋಪ ಮಾಡ್ಕೋಬೇಡ. ನನಗೆ ಮಗು ಇದೆ. ನಿನಗೆ ಯಾರಿದಾರೆ, ಒಂದು ಹೊಟ್ಟೆ, ಹೇಗಾದರೂ..."

"ಅಪ್ಪನಿಗೆ ಕಿವಿ ಕೇಳಲ್ಲ" ಎಂದಳು ದೊಡ್ಡವಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ.

"ಅದು ನಮಗೆ ಯಾವಾಗಲೋ ಗೊತ್ತು. ನಿಮ್ಮ ತಟ್ಟೆ ಆಟಾನೂ ಗೊತ್ತು" ಎಂದ ಅಳಿಯ. ಅವನು ಕೈಯ ಗೇಣಿನಿಂದ ಗೋಡೆ ಅಳೆಯುತ್ತಿದ್ದ. ಕಿವಿಯಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆನ್ನು ಹಾಕಿ ಮೇಜಿಗೆ ಬಾಗಿ ಕೂತಿದ್ದ. ಅವನ ಬೋಳುತಲೆಯ ಮೇಲಿನಿಂದಲೇ ಅಳಿಯ ಮಾತಾಡಿದ. "ಹಿಂದಿನಿಂದ ನಿಂತು ಬೈದು ನೋಡಿದೀನಿ. ಅಲ್ಲಾಡಲ್ಲ ಆಸಾಮಿ. ಇಲ್ಲಿಂದ ಅಲ್ಲೀವರೆಗೆ ಕವರಿನ ಸ್ಟ್ಯಾಂಡು. ಈ ಮೇಜು ಗುಜರಿಗೆ. ಮುದುಕನ್ನ ಒಲೆ ಹತ್ರ ಕೂರಿಸಿದ್ರಾಯ್ತು, ಬೆಚ್ಚಗಿರುತ್ತೆ."

ಚಿಕ್ಕವಳು "ಮೆಲ್ಲಗೆ" ಎಂದಳು. "ಯಾಕೆ ಮೆಲ್ಲಗೆ?" ಎಂದು ಅವನು ನಕ್ಕ. ಅವಳಿಗೂ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು.

ದೊಡ್ಡವಳು ಬಾಗಿಲ ಹತ್ತಿರ ಬಂದು ಅಪ್ಪನ ಬೆನ್ನಿನ ಹಿಂದೆ ನಿಂತಳು. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಸಾಧಾರಣ ದನಿಯಲ್ಲಿ, ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ರೇಡಿಯೋದವನ ಉದ್ದ ಬೆರಳುಗಳ ಬಗ್ಗೆ ಹೇಳಿದಳು. ತಾಯಿಯ ಹಾಸಿಗೆಯ ಬಿಸಿ ಆರುವ ಮುಂಚೆ ತಮ್ಮಿಬ್ಬರ ಕೈಗೂ ಕಟ್ಟಿದ್ದು ಎಂಥ ಆಟ ಎಂದು ಕೇಳಿದಳು. ನೀನು ಸತ್ತರೆ ಅಳುವುದಿಲ್ಲ ಎಂದಳು. ತಿದ್ದಿಕೊಂಡು, ಅಳು ಬಂದರೂ ಇಲ್ಲಿಗೆ ಬರುವುದಿಲ್ಲ ಎಂದಳು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಅಳಿಯ ಗೋಡೆ ಅಳೆಯುವುದನ್ನು ನಿಲ್ಲಿಸಿದ. ತಂಗಿ ನೆಲ ನೋಡಿದಳು. ಅಪ್ಪ ಇಕ್ಕಳದಲ್ಲಿ ಅಕ್ಕಿಕಾಳಿಗಿಂತ ಸಣ್ಣ ಹಲ್ಲಿನ ಚಕ್ರವೊಂದನ್ನು ಹಿಡಿದು, ನಾಲಿಗೆ ಕಚ್ಚಿಕೊಂಡು, ಅದರ ಜಾಗಕ್ಕೆ ಕೂರಿಸುತ್ತಿದ್ದ.

ತೆರೆದ ಬಾಗಿಲಿನ ಗಾಳಿ ಅವನ ಕತ್ತಿಗೆ ತಾಗಿತು. ತಿರುಗದೆಯೇ ಹೇಳಿದ:

"ಯಾರದು? ಬಾಗಿಲು ಹಾಕಿ. ಧೂಳು ಬರುತ್ತೆ."

ಅವಳು ಬೀದಿಗೆ ಇಳಿದಳು. ತೆರೆದೇ ಬಿಟ್ಟು ಹೋಗಬೇಕೆಂದಿದ್ದಳು. ಕೈ ಮಾತು ಕೇಳಲಿಲ್ಲ; ದಿನವೂ ಮಾಡಿದ ಹಾಗೆ, ಗಾಜು ಅದುರದಂತೆ, ಸದ್ದಾಗದಂತೆ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಿತು.